ಒಂದು ಓಟಿನ ಲೆಕ್ಕ: ಸಂತೇಮರಹಳ್ಳಿಯಿಂದ ನಮ್ಮ ಬೀದಿವರೆಗೆ



ಪೋಸ್ಟ್ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ಎಲೆಕ್ಷನ್ ಹತ್ತಿರ ಬಂದಾಗೆಲ್ಲ ನಮ್ಮ ಹುಡುಗರು ಒಂದೇ ಮಾತು ಕೇಳ್ತಾರೆ: "ಅಣ್ಣ, ನಮ್ಮದೊಂದು ಓಟಿಂದ ಏನಾಯ್ತದೆ?" ಬೇರೆ ಜಿಲ್ಲೆಯವರು ಈ ಪ್ರಶ್ನೆ ಕೇಳಿದ್ರೆ ಕೇಳಲಿ. ಚಾಮರಾಜನಗರ ಜಿಲ್ಲೆಯವರು ಕೇಳಬಾರದು. ಯಾಕೆ ಅನ್ನೋದನ್ನ ಚರಿತ್ರೆ ಇಟ್ಕೊಂಡು ಹೇಳ್ತೀನಿ. ಜೊತೆಗೆ, ಒಂದು ಓಟಿಗೆ ಇಷ್ಟು ತೂಕ ಇದ್ರೂ ಓಟು ಹಾಕೋನ ಪಾಡು ಯಾಕೆ ಹೀಗಿದೆ ಅನ್ನೋದನ್ನೂ ಹೇಳ್ತೀನಿ.

ಮೊದಲು ಊರು. ಮದ್ದೂರು ಅಂದ ಕೂಡಲೇ ವಡೆ ನೆನಪು ಮಾಡ್ಕೋಬೇಡಿ. ಅದು ಮಂಡ್ಯ ಕಡೆಯದು. ನಮ್ಮದು ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗೋ ದಾರಿಯಲ್ಲಿ ಬಂಡೀಪುರದ ಕಾಡಂಚಿಗಿರೋ ಮದ್ದೂರು. ರಾತ್ರಿ 9 ಗಂಟೆಗೆ ಗೇಟು ಬೀಳೋ ಚೆಕ್‌ಪೋಸ್ಟ್ ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಆನೆ, ಹುಲಿ ನೋಡೋಕೆ ಹೋಗೋರು ನಮ್ಮೂರ ಮೇಲೇ ಹೋಗ್ತಾರೆ. ನಿಲ್ಲಲ್ಲ. ನಿಲ್ಲೋದು ಐದು ವರ್ಷಕ್ಕೊಂದು ಸಲ, ಬಿಳಿ ಕಾರುಗಳು ಮಾತ್ರ.

*

2004ರ ವಿಧಾನಸಭಾ ಚುನಾವಣೆ. ನಮ್ಮ ಪಕ್ಕದ ಸಂತೇಮರಹಳ್ಳಿ ಮೀಸಲು ಕ್ಷೇತ್ರ. ಕಾಂಗ್ರೆಸ್ಸಿಂದ ಆರ್. ಧ್ರುವನಾರಾಯಣ, ಜನತಾದಳ ಜಾತ್ಯತೀತದಿಂದ ಎ.ಆರ್. ಕೃಷ್ಣಮೂರ್ತಿ. ಕೃಷ್ಣಮೂರ್ತಿ ಯಾರು ಅಂದ್ರೆ ಆಲೂರಿನ ಬಿ. ರಾಚಯ್ಯನವರ ಮಗ. ಮಂತ್ರಿಯಾಗಿ, ಆಮೇಲೆ ಕೇರಳದ ರಾಜ್ಯಪಾಲರೂ ಆಗಿದ್ದ ರಾಚಯ್ಯ. ಎಣಿಕೆ ಮುಗಿದಾಗ ಧ್ರುವನಾರಾಯಣಗೆ 40,752 ಓಟು, ಕೃಷ್ಣಮೂರ್ತಿಗೆ 40,751. ಒಂದೇ ಒಂದು ಓಟು! ಭಾರತದ ವಿಧಾನಸಭಾ ಚುನಾವಣೆಗಳ ಚರಿತ್ರೆಯಲ್ಲಿ ಒಂದು ಓಟಿನ ಸೋಲು ಅಂದ ಕೂಡಲೇ ಎಲ್ಲರೂ ಹೇಳೋದು ಎರಡು ಹೆಸರು. ಒಂದು ನಮ್ಮ ಸಂತೇಮರಹಳ್ಳಿ. ಇನ್ನೊಂದು 2008ರಲ್ಲಿ ಸಿ.ಪಿ. ಜೋಶಿ ಸೋತ ರಾಜಸ್ಥಾನದ ನಾಥದ್ವಾರ.

ಇದರ ಜೊತೆ ಒಂದು ಮಾತು ಜಿಲ್ಲೆಯಲ್ಲಿ ಇವತ್ತಿಗೂ ಓಡಾಡ್ತಾ ಇದೆ. ಸೋತ ಅಭ್ಯರ್ಥಿಯ ಕಾರಿನ ಡ್ರೈವರ್‌ಗೆ ಅವತ್ತು ಓಟು ಹಾಕೋಕೆ ಬಿಡುವೇ ಸಿಗಲಿಲ್ಲ ಅಂತ. ಪತ್ರಿಕೆಗಳಲ್ಲೂ ಇದು ಎಷ್ಟೋ ಸಲ ಬಂದಿದೆ. ಜನ ಇದನ್ನ ನಗಾಡಿಕೊಂಡು ಹೇಳ್ತಾರೆ. ನನಗೆ ನಗು ಬರಲ್ಲ. ಯಾಕಂದ್ರೆ ಈ ಕತೆಯಲ್ಲಿ ಗೆದ್ದೋರ ಹೆಸರಿದೆ, ಸೋತೋರ ಹೆಸರಿದೆ, ಡ್ರೈವರ್ ಮಾತ್ರ "ಡ್ರೈವರ್". ಇಡೀ ದಿನ ಬೇರೆಯವರನ್ನ ಬೂತಿಗೆ ಸುತ್ತಾಡಿಸಿದ ಮನುಷ್ಯನಿಗೆ ತನ್ನ ಬೂತಿಗೆ ಹೋಗೋಕೆ ಹೊತ್ತು ಸಿಗಲಿಲ್ಲ ಅಂದ್ರೆ, ಅದು ಒಬ್ಬ ಕೆಲಸಗಾರನ ಕತೆ. ಶುಂಠಿ ಹೊಲದಲ್ಲಿ, ಕಲ್ಲು ಕ್ವಾರಿಯಲ್ಲಿ, ಹೋಟೆಲ್ಲಿನಲ್ಲಿ ದುಡಿಯೋ ನಮ್ಮ ಲಕ್ಷಾಂತರ ಜನರ ಕತೆಯೂ ಅದೇ.

ಮುಂದೇನಾಯ್ತು ಅಂತಲೂ ನೋಡಿ. 2008ರಲ್ಲಿ ಕ್ಷೇತ್ರ ಮರುವಿಂಗಡಣೆ ಆಗಿ ಸಂತೇಮರಹಳ್ಳಿ ಕ್ಷೇತ್ರವೇ ನಕ್ಷೆಯಿಂದ ಹೋಯ್ತು. ಧ್ರುವನಾರಾಯಣ ಕೊಳ್ಳೇಗಾಲದಿಂದ ಗೆದ್ರು, 2009ರಲ್ಲಿ ಲೋಕಸಭೆಗೆ ಹೋದ್ರು. 2009ರಲ್ಲೂ 2014ರಲ್ಲೂ ಅವರ ಎದುರು ನಿಂತಿದ್ದು ಅದೇ ಕೃಷ್ಣಮೂರ್ತಿ, ಆಗ ಬಿಜೆಪಿಯಿಂದ. 2019ರಲ್ಲಿ ಧ್ರುವನಾರಾಯಣ ವಿ. ಶ್ರೀನಿವಾಸಪ್ರಸಾದ್ ಎದುರು 1,817 ಓಟಿನಲ್ಲಿ ಸೋತ್ರು. 2023ರ ಮಾರ್ಚಿಯಲ್ಲಿ ತೀರಿಕೊಂಡ್ರು. ಅದೇ ವರ್ಷ ಕೃಷ್ಣಮೂರ್ತಿ ಕೊಳ್ಳೇಗಾಲದಿಂದ 59 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ರು. ಯಾವ ಪಕ್ಷದಿಂದ? ಕಾಂಗ್ರೆಸ್ಸಿಂದ. ಯಾರ ಎದುರು? ಬಿಜೆಪಿಯ ಎನ್. ಮಹೇಶ್ ಎದುರು. ಆ ಮಹೇಶ್ 2018ರಲ್ಲಿ ಅದೇ ಕೊಳ್ಳೇಗಾಲದಿಂದ ಬಿಎಸ್‌ಪಿಯ ಆನೆ ಗುರುತಿನಲ್ಲಿ ಗೆದ್ದಿದ್ರು, ಮಂತ್ರಿಯಾಗಿದ್ರು. ನೀಲಿ ಶಾಲು ಹಾಕ್ಕೊಂಡು ನಮ್ಮ ಹುಡುಗರು ಅವತ್ತು ಕುಣಿದಿದ್ದು ನೆನಪಿದೆಯಲ್ಲ? 2019ರಲ್ಲಿ ವಿಶ್ವಾಸಮತದ ದಿನ ಸದನಕ್ಕೇ ಹೋಗದೆ ಪಕ್ಷದಿಂದ ಉಚ್ಚಾಟನೆ ಆದ್ರು. 2021ರಲ್ಲಿ ಬಿಜೆಪಿ ಸೇರಿದ್ರು.

ಯಾರನ್ನೂ ಹೀಗಳೆಯೋಕೆ ಇದನ್ನ ಬರೀತಿಲ್ಲ. ಎಲ್ಲ ದಾಖಲೆಯಲ್ಲಿರೋ ಸಂಗತಿ. ನಾನು ಕೇಳೋದು ಇಷ್ಟೇ: ನಾಯಕರು ಪಕ್ಷ ಬದಲಾಯಿಸಬಹುದು, ಕ್ಷೇತ್ರ ಬದಲಾಯಿಸಬಹುದು. ಓಟು ಹಾಕಿದೋನು ತನ್ನ ಓಟು ವಾಪಸ್ ತಗೋಬಹುದಾ? ಐದು ವರ್ಷ ಅವನ ಕೈಯಲ್ಲಿ ಉಳಿಯೋದು ಏನು?

*

ಈ ಓಟು ನಮ್ಮ ಕೈಗೆ ಬಂದ ದಾರಿ ನೋಡೋಣ.

1881ರಲ್ಲಿ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ್ರು. ದೇಶಕ್ಕೇ ಮಾದರಿ ಅಂತ ಪಠ್ಯಪುಸ್ತಕದಲ್ಲಿ ಓದಿದ್ದೀವಿ. ದಸರಾ ಹೊತ್ತಲ್ಲಿ 144 ಜನ ಸೇರಿದ್ರು. ಯಾರು ಆ ಪ್ರಜೆಗಳು? ಜಮೀನ್ದಾರರು, ವ್ಯಾಪಾರಿಗಳು. ಆಮೇಲೆ ಚುನಾವಣೆ ಬಂದಾಗಲೂ ಓಟು ಇದ್ದಿದ್ದು ಇಷ್ಟು ಕಂದಾಯ ಕಟ್ಟೋನಿಗೆ, ಇಷ್ಟು ಓದಿದೋನಿಗೆ. ಕಂದಾಯ ಕಟ್ಟೋಕೆ ಜಮೀನು ಬೇಕು. ನಮ್ಮ ತಾತ ಮುತ್ತಾತಂದಿರಿಗೆ ಇದ್ದಿದ್ದು ತೋಟಿ ಕೆಲಸ, ಜೀತ. ಓದೋಕೆ ಸ್ಕೂಲು ಬೇಕು. ಸ್ಕೂಲಿನ ಜಗಲಿ ಹತ್ತೋಕೂ ಬಿಡ್ತಿರಲಿಲ್ಲ. ಹಾಗಾಗಿ ಕಾನೂನಲ್ಲಿ "ಹೊಲೆಯರಿಗೆ, ಮಾದಿಗರಿಗೆ ಓಟಿಲ್ಲ" ಅಂತ ಬರೆಯೋ ಅಗತ್ಯವೇ ಇರಲಿಲ್ಲ. ಕಂದಾಯ ಅಂತ ಒಂದು ಪದ ಬರೆದ್ರೆ ಸಾಕಿತ್ತು.

ನಮ್ಮ ಜಿಲ್ಲೆಯ ಇನ್ನೊಂದು ವಿಶೇಷ ನಮ್ಮವರಿಗೇ ಬಹಳ ಜನಕ್ಕೆ ಗೊತ್ತಿಲ್ಲ. ಗುಂಡ್ಲುಪೇಟೆ, ಚಾಮರಾಜನಗರ ಮೈಸೂರು ಮಹಾರಾಜರ ಸೀಮೆ. ಕೊಳ್ಳೇಗಾಲ ಮಾತ್ರ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಾದಪ್ಪನ ಬೆಟ್ಟವೂ ಅಲ್ಲೇ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆದಾಗಲೇ ಅದು ಇತ್ತ ಬಂದಿದ್ದು. ಅಂದ್ರೆ 1932ರ ಪೂನಾ ಒಪ್ಪಂದ ಕೊಳ್ಳೇಗಾಲದ ಕೇರಿಗೆ ಅನ್ವಯ ಆಯ್ತು, ನಮ್ಮ ಗುಂಡ್ಲುಪೇಟೆಯ ಕೇರಿಗೆ ಆಗಲಿಲ್ಲ. ನೆಂಟಸ್ತಿಕೆ ಒಂದೇ, ಮಾದಪ್ಪ ಒಬ್ಬನೇ, ಸರ್ಕಾರ ಎರಡು.

ಪೂನಾ ಒಪ್ಪಂದದ ಒಳಮರ್ಮ ನಮ್ಮ ಬಳಗಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ರೂ ಹೊಸ ಹುಡುಗರಿಗಾಗಿ ಎರಡು ಮಾತು. ಬಾಬಾಸಾಹೇಬರು ಕೇಳಿದ್ದು ಪ್ರತ್ಯೇಕ ಮತಕ್ಷೇತ್ರ: ನಮ್ಮ ಪ್ರತಿನಿಧಿಯನ್ನ ನಾವೇ ಆರಿಸೋದು. ಗಾಂಧೀಜಿಯವರ ಉಪವಾಸ ನಡೀತು. 1932ರ ಸೆಪ್ಟೆಂಬರ್ 24ರಂದು ಸಹಿ ಬಿತ್ತು. ಸಿಕ್ಕಿದ್ದು ಜಂಟಿ ಮತಕ್ಷೇತ್ರದಲ್ಲಿ ಮೀಸಲು ಸೀಟು. ಪ್ರಾಂತೀಯ ಶಾಸನಸಭೆಗಳಲ್ಲಿ ಒಟ್ಟು 148, ಅದರಲ್ಲಿ ಮದ್ರಾಸಿಗೆ 30. ನಿಲ್ಲೋನು ನಮ್ಮೋನು, ಗೆಲ್ಲಿಸೋರು ಎಲ್ಲರೂ. ಇವತ್ತು ಮೀಸಲು ಕ್ಷೇತ್ರದಲ್ಲಿ ನಿಂತ ನಮ್ಮ ಅಭ್ಯರ್ಥಿ ಮೊದಲು ಹೋಗಿ ಕೈ ಮುಗಿಯೋದು ಯಾವ ಬೀದಿಗೆ ಅಂತ ಗಮನಿಸಿ. ನಮ್ಮ ಬೀದಿಗೆ ಕೊನೇಲಿ ಬರ್ತಾರೆ, ಕತ್ತಲಾದ ಮೇಲೆ. "ನೀವೆಲ್ಲ ನಮ್ಮೋರೇ ಅಲ್ವಾ" ಅಂತಾರೆ. ಆ "ನಮ್ಮೋರೇ ಅಲ್ವಾ" ಅನ್ನೋ ಮಾತಿನ ಬೇರು 1932ರಲ್ಲಿದೆ.

ಒಂದು ವಿಷಯದಲ್ಲಿ ಮಾತ್ರ ಬಾಬಾಸಾಹೇಬರು ಶುರುವಿಂದ ಕೊನೆವರೆಗೂ ಪಟ್ಟು ಬಿಡಲಿಲ್ಲ. 1919ರಲ್ಲಿ ಸೌತ್‌ಬರೋ ಸಮಿತಿ ಮುಂದೆ, 1928ರಲ್ಲಿ ಸೈಮನ್ ಆಯೋಗದ ಮುಂದೆ ಹೋಗಿ ಮತದಾನದ ಹಕ್ಕನ್ನ ಆಸ್ತಿಗೆ ಕಟ್ಟಿಹಾಕಬೇಡಿ ಅಂತ ವಾದ ಮಾಡಿದ್ರು. 1935ರ ಕಾಯ್ದೆ ಬಂದಾಗಲೂ ಓಟಿನ ಹಕ್ಕು ಸಿಕ್ಕಿದ್ದು ಸ್ವಲ್ಪ ಜನಕ್ಕೆ ಮಾತ್ರ. ಎಲ್ಲರಿಗೂ ಸಿಕ್ಕಿದ್ದು ಸಂವಿಧಾನದ 326ನೇ ವಿಧಿಯಿಂದ. ಜಮೀನು ಇರಲಿ ಬಿಡಲಿ, ಅಕ್ಷರ ಬರಲಿ ಬಿಡಲಿ, ಗಂಡಾಗಲಿ ಹೆಣ್ಣಾಗಲಿ, ಒಬ್ಬರಿಗೆ ಒಂದು ಓಟು.

ಹಾಗೆ ಕೊಡಿಸಿದವರೇ ಮೊದಲ ಚುನಾವಣೆಯಲ್ಲಿ ಸೋತ್ರು. ಆಗ ದ್ವಿಸದಸ್ಯ ಕ್ಷೇತ್ರಗಳಿದ್ದವು: ಒಂದೇ ಕ್ಷೇತ್ರದಿಂದ ಒಬ್ಬ ಸಾಮಾನ್ಯ, ಒಬ್ಬ ಮೀಸಲು. ನಮ್ಮ ಮೈಸೂರು ಲೋಕಸಭಾ ಕ್ಷೇತ್ರವೂ 1952ರಲ್ಲಿ ಹಾಗೇ ಇತ್ತು, ಎಂ.ಎಸ್. ಗುರುಪಾದಸ್ವಾಮಿ ಮತ್ತು ಎನ್. ರಾಚಯ್ಯ ಇಬ್ಬರೂ ಅಲ್ಲಿಂದಲೇ ಹೋದ್ರು. ಬಾಬಾಸಾಹೇಬರು ನಿಂತಿದ್ದು ಬಾಂಬೆ ಉತ್ತರದಲ್ಲಿ. ಸೋತಿದ್ದು 14 ಸಾವಿರ ಚಿಲ್ಲರೆ ಓಟಿನಲ್ಲಿ. ಅಲ್ಲಿ ತಿರಸ್ಕೃತ ಆದ ಓಟು 74 ಸಾವಿರಕ್ಕೂ ಹೆಚ್ಚು. ಅದರ ಮೇಲೆ ತಕರಾರು ಅರ್ಜಿ ಹಾಕಿದ್ರು, ನ್ಯಾಯ ಸಿಗಲಿಲ್ಲ. ದ್ವಿಸದಸ್ಯ ಪದ್ಧತಿ ಹೋಗಿದ್ದು 1961ರಲ್ಲಿ. 1962ರಲ್ಲಿ ಚಾಮರಾಜನಗರ ಲೋಕಸಭಾ ಕ್ಷೇತ್ರ ಹುಟ್ಟಿತು. ಅವತ್ತಿಂದ ಇವತ್ತಿನವರೆಗೂ ಮೀಸಲು.

*

ಈಗ ಎಲೆಕ್ಷನ್ ಟೈಮಿನ ನಮ್ಮ ದಿನನಿತ್ಯದ ಪಾಡು ಹೇಳ್ತೀನಿ. ಇದು ಚರಿತ್ರೆ ಅಲ್ಲ ಅಂದ್ಕೋಬೇಡಿ. ಮೇಲೆ ಹೇಳಿದ್ದೇ ಇಲ್ಲೂ ನಡೀತಿರೋದು.

ಮೊದಲನೇದು ಪಟ್ಟಿ. ಒಂದು ಎಲೆಕ್ಷನ್ನಲ್ಲಿ ನಮ್ಮವ್ವನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಮನೆಯಲ್ಲಿ ಎಲ್ಲರದ್ದೂ ಇದೆ, ಅವ್ವಂದು ಮಾತ್ರ ಇಲ್ಲ. ವಿಚಾರಿಸಿದ್ರೆ "ಊರಲ್ಲಿ ಇಲ್ಲ ಅಂತ ತೆಗೆದಿದ್ದಾರೆ" ಅಂದ್ರು. ಅವ್ವ ಕೂಲಿಗೆ ಹದಿನೈದು ದಿನ ಕೇರಳದ ಕಡೆ ಹೋಗಿದ್ಲು, ಅಷ್ಟೇ. ವಯನಾಡು, ಕೊಡಗಿನ ತೋಟಕ್ಕೆ ಹೋಗೋ ನಮ್ಮ ಜನ ವರ್ಷದಲ್ಲಿ ಎಷ್ಟೋ ದಿನ ಮನೇಲಿ ಇರಲ್ಲ. ಮನೆ ಬಾಗಿಲು ಹಾಕಿದ್ರೆ "ಇಲ್ಲ" ಅಂತ ಬರ್ಕೊಂಡು ಹೋದ್ರೆ ಮುಗೀತು. ಬೆಂಗಳೂರಲ್ಲಿ, ದುಬೈನಲ್ಲಿ ಇರೋ ದೊಡ್ಡೋರ ಮಕ್ಕಳ ಹೆಸರು ಪಟ್ಟಿಯಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಅವ್ವ ಆ ದಿನ ಬೂತಿನ ಹೊರಗೆ ಕಲ್ಲಿನ ಮೇಲೆ ಕೂತ್ಕೊಂಡು ಹೇಳಿದ್ದು ಒಂದೇ ಮಾತು: "ಸತ್ತೋರ ಹೆಸರದೆ ಕಲಾ, ನಾ ಬದುಕಿವ್ನಿ, ನನ್ನೆಸ್ರಿಲ್ಲ."

ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಏನಾಯ್ತು ಅಂತ ಓದಿದ್ದೀರಿ. 2023ರ ಚುನಾವಣೆಗೆ ಮುಂಚೆ ಹೆಸರು ತೆಗೀರಿ ಅಂತ 6,018 ಅರ್ಜಿ ಆನ್‌ಲೈನಲ್ಲಿ ಬಂದಿದ್ವು. ಪರಿಶೀಲನೆ ಮಾಡಿದ್ರೆ ಸರಿ ಇದ್ದಿದ್ದು 24 ಮಾತ್ರ. ಸಿಕ್ಕಿಬಿದ್ದಿದ್ದು ಹೇಗೆ? ಒಂದು ಬೂತಿನ ಅಧಿಕಾರಿಗೆ ತನ್ನ ಸಂಬಂಧಿಕರ ಹೆಸರೇ ತೆಗೆಯೋ ಪಟ್ಟಿಯಲ್ಲಿ ಕಂಡಿತು. ಆ ಸಂಬಂಧಿಕರು ಇಲ್ಲದ ಮನೆಯವರ ಗತಿ ಏನು? 1952ರ ಪಟ್ಟಿ ಮಾಡುವಾಗ ಉತ್ತರ ಭಾರತದ ಲಕ್ಷಾಂತರ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳದೆ "ಇಂಥವರ ಹೆಂಡತಿ, ಇಂಥವರ ಮಗಳು" ಅಂತ ಬರೆಸಿದ್ದಕ್ಕೆ ಸುಮಾರು 28 ಲಕ್ಷ ಹೆಸರು ಬಿಟ್ಟುಹೋಯ್ತು. ಆವತ್ತು ಹೆಸರು ಹೇಳದೆ ಹೋಯ್ತು. ಇವತ್ತು ಹೆಸರು ಹೇಳಿದ್ರೂ ಹೋಗುತ್ತೆ.

ಎರಡನೇದು ದಾರಿ ಮತ್ತು ಕೂಲಿ. 2024ರ ಏಪ್ರಿಲ್ 26ಕ್ಕೆ ನಮ್ಮಲ್ಲೂ ಕೇರಳದಲ್ಲೂ ಒಂದೇ ದಿನ ಮತದಾನ. ಬತ್ತೇರಿ ಕಡೆ ಕೆಲಸದಲ್ಲಿರೋನು ಊರಿಗೆ ಬಂದು ಓಟು ಹಾಕಬೇಕು ಅಂದ್ರೆ ಹಿಂದಿನ ದಿನದ ಕೂಲಿ ಅರ್ಧ, ಆ ದಿನದ ಕೂಲಿ ಪೂರಾ, ಬಸ್ ಚಾರ್ಜು ಎರಡು ಕಡೆ. ರಾತ್ರಿ 9ಕ್ಕೆ ಗೇಟು ಬಿದ್ರೆ ತುರ್ತು ವಾಹನ, ಕೆಲವು ಬಸ್ಸು ಬಿಟ್ರೆ ಬೆಳಿಗ್ಗೆ 6ರವರೆಗೆ ಯಾವ ಗಾಡಿಯೂ ಇಲ್ಲ. ಮತದಾನದ ದಿನ ಸಂಬಳ ಸಮೇತ ರಜೆ ಕೊಡಬೇಕು ಅಂತ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಹೇಳುತ್ತೆ. ದಿನಗೂಲಿಯವರಿಗೂ ಅದು ಅನ್ವಯ. ಶುಂಠಿ ಹೊಲದ ಯಾವ ಮೇಸ್ತ್ರಿ ಕೊಟ್ಟಿದ್ದಾನೆ ಹೇಳಿ? ಆಫೀಸಿನೋರಿಗೆ ಅದು ರಜೆ. ನಮಗೆ ಅದು ಕೂಲಿ ಇಲ್ಲದ ದಿನ. ಆಮೇಲೆ ಟಿವಿಯಲ್ಲಿ ಕೂತು "ಓಟು ಹಾಕೋಕೆ ದುಡ್ಡು ತಗೋತಾರೆ" ಅಂತ ನಮಗೇ ಪಾಠ ಹೇಳ್ತಾರೆ.

ಮೂರನೇದು ಆಣೆ. ಮತದಾನದ ಹಿಂದಿನ ಎರಡು ರಾತ್ರಿ ನಮ್ಮ ಬೀದಿಯಲ್ಲಿ ನಿದ್ದೆ ಇರಲ್ಲ. ಒಂದು ಪಕ್ಷದೋರು ಹೋಗ್ತಿದ್ದಂಗೆ ಇನ್ನೊಂದು ಪಕ್ಷದೋರು. ಹೆಂಗಸರಿಗೆ ಸೀರೆ ಟೋಕನ್, ಗಂಡಸರಿಗೆ ಬಾಟಲಿ, ಮನೆಗೆ ಇಷ್ಟು ಅಂತ ಕವರು. ಕವರು ಕೊಟ್ಟು ಮಾದಪ್ಪನ ಫೋಟೋ ಮುಟ್ಟಿಸ್ತಾರೆ. ನಮ್ಮ ಅಜ್ಜಿಯಂಥೋರಿಗೆ ಮಾದಪ್ಪ ಅಂದ್ರೆ ಮುಗೀತು. ಮಲೆ ಹತ್ತಿ ಪರಸೆ ಮಾಡಿದೋರು ಸುಳ್ಳು ಆಣೆ ಮಾಡಲ್ಲ. ಅವರ ಬಡತನಕ್ಕಿಂತ ಅವರ ಪ್ರಾಮಾಣಿಕತೆಯನ್ನ ಜಾಸ್ತಿ ಬಳಸಿಕೊಳ್ತಾರೆ ಅನ್ನೋದು ನನಗೆ ಹೊಟ್ಟೆ ಉರಿಸೋ ಸಂಗತಿ. ಕೊಡೋನು ಮಾತಿಗೆ ತಪ್ಪಿದ್ರೆ ಮಾದಪ್ಪ ಏನೂ ಮಾಡಲ್ಲ, ತಗೊಂಡ ಮುದುಕಿ ತಪ್ಪಿದ್ರೆ ಮಾತ್ರ ಕಣ್ಣು ಹೋಗುತ್ತೆ. ಇದು ಯಾವ ನ್ಯಾಯ ಸ್ವಾಮಿ?

ನಾಲ್ಕನೇದು ಬಂದುಹೋಗೋ ಜಾತ್ರೆ. ನಮ್ಮ ಗುಂಡ್ಲುಪೇಟೆ ದೊಡ್ಡ ಹೆಸರಿನ ಕ್ಷೇತ್ರ. ಏಳು ಸಲ ಗೆದ್ದ ಕೆ.ಎಸ್. ನಾಗರತ್ನಮ್ಮ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆಗಿದ್ರು. 1994ರಿಂದ ಐದು ಸಲ ಎಚ್.ಎಸ್. ಮಹದೇವಪ್ರಸಾದ್. ಅವರು 2017ರ ಜನವರಿಯಲ್ಲಿ ತೀರಿಕೊಂಡ ಮೇಲೆ ಏಪ್ರಿಲ್‌ನಲ್ಲಿ ಉಪಚುನಾವಣೆ ಬಂತು, ಅವರ ಪತ್ನಿ ಗೆದ್ರು. 2018ರಲ್ಲಿ ನಿರಂಜನಕುಮಾರ್, 2023ರಲ್ಲಿ ಮಹದೇವಪ್ರಸಾದರ ಮಗ ಗಣೇಶ್ ಪ್ರಸಾದ್. ಆ ಉಪಚುನಾವಣೆಯ ತಿಂಗಳು ನೆನೆಸ್ಕೊಳ್ಳಿ. ಮಂತ್ರಿಗಳು, ಮಾಜಿ ಮಂತ್ರಿಗಳು ಹಳ್ಳಿ ಹಳ್ಳಿಯಲ್ಲೂ ಠಿಕಾಣಿ ಹೂಡಿದ್ರು. ಅಂಗಡಿ ಬೆಂಚಿನ ಮೇಲೆ ಕೂತು ಟೀ ಕುಡಿದ್ರು. ಫಲಿತಾಂಶ ಬಂದ ಮಾರನೇ ದಿನ ಬೆಂಚು ಖಾಲಿ. ಇದೇ ಜಿಲ್ಲೆಯ ಕೇಂದ್ರಕ್ಕೆ ಬಂದ್ರೆ ಕುರ್ಚಿ ಹೋಗುತ್ತೆ ಅಂತ ಎಷ್ಟೋ ಮುಖ್ಯಮಂತ್ರಿಗಳು ವರ್ಷಗಟ್ಟಲೆ ಈ ಕಡೆ ತಲೆ ಹಾಕಲಿಲ್ಲ. 1997ರಲ್ಲಿ ಜಿಲ್ಲೆ ಆದಾಗ ಜೆ.ಎಚ್. ಪಟೇಲರು ಉದ್ಘಾಟನೆ ಮಾಡಿದ್ದು ಕೂಡ ಮಾದಪ್ಪನ ಬೆಟ್ಟದಲ್ಲಿ. ಓಟು ಕೇಳೋಕೆ ಬಂದಾಗ ಇಲ್ಲದ ಅಪಶಕುನ, ಕೆಲಸ ಮಾಡೋಕೆ ಬರುವಾಗ ಹೇಗೆ ಬರುತ್ತೆ? ಸಿದ್ದರಾಮಯ್ಯನವರು ಹಲವು ಸಲ ಬಂದು 2013ರಿಂದ 2018ರವರೆಗೆ ಪೂರ್ತಿ ಐದು ವರ್ಷ ಮುಗಿಸಿದ ಮೇಲೆ ಆ ಮೌಢ್ಯ ಒಂದಷ್ಟು ಸತ್ತಿತು.

ಎಲೆಕ್ಷನ್ ಬೇಕಾದಾಗ ಮಾಡದೇ ಇರೋದು ಇನ್ನೊಂದು ಆಟ. 2016ರಲ್ಲಿ ನಾವು ಆರಿಸಿದ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲೇ ಮುಗೀತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಒಂದು ಸಲ ಗಡಿ ಗುರುತು, ಒಂದು ಸಲ ಮೀಸಲಾತಿ ಪಟ್ಟಿ, ಒಂದು ಸಲ ಕೋರ್ಟು. ನಮ್ಮ ಹೆಣ್ಣುಮಕ್ಕಳು, ನಮ್ಮ ಹುಡುಗರು ರಾಜಕೀಯ ಕಲಿಯೋ ಮೊದಲ ಮೆಟ್ಟಿಲೇ ಅದು. ಆ ಮೆಟ್ಟಿಲನ್ನೇ ಕಿತ್ತಿಟ್ಟಿದ್ದಾರೆ.

*

ಇದಕ್ಕೆಲ್ಲ ಬೇಸತ್ತು "ಮತದಾನ ಬಹಿಷ್ಕಾರ ಮಾಡೋಣ" ಅನ್ನೋರಿದ್ದಾರೆ. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದ್ರೆ ಇಂಡಿಗನತ್ತದಲ್ಲಿ ಆಗಿದ್ದನ್ನ ಮರೀಬಾರದು. 2024ರ ಏಪ್ರಿಲ್ 26. ಮಾದಪ್ಪನ ಬೆಟ್ಟದ ಹತ್ತಿರದ ಆ ಊರಿನೋರು ರಸ್ತೆ, ನೀರು, ಕರೆಂಟು ಕೇಳಿ ಕೇಳಿ ಸಾಕಾಗಿ ಬಹಿಷ್ಕಾರ ಹಾಕಿದ್ರು. ಅಧಿಕಾರಿಗಳು ಬಂದು ಮತ ಹಾಕಿಸೋಕೆ ಹೊರಟಾಗ ಗಲಾಟೆ ಆಯ್ತು, ಕಲ್ಲು ಬಿತ್ತು, ಮತಯಂತ್ರ ಪುಡಿ ಆಯ್ತು. 29ಕ್ಕೆ ಮರುಮತದಾನ ಇಟ್ರು. 528 ಓಟುದಾರರಲ್ಲಿ ಬಂದಿದ್ದು 71 ಜನ. ಅದರಲ್ಲಿ ಹೆಚ್ಚಿನವರು ಪಕ್ಕದ ಮೆಂದಾರೆಯ ಸೋಲಿಗರು. ಇಂಡಿಗನತ್ತದ ಗಂಡಸರು ಕೇಸಿಗೆ ಹೆದರಿ ಊರು ಬಿಟ್ಟಿದ್ರು. ರಸ್ತೆ ಕೇಳಿದೋರಿಗೆ ಸಿಕ್ಕಿದ್ದು ಪೊಲೀಸ್ ಸ್ಟೇಷನ್ ದಾರಿ. ಆ ಎರಡೂ ಕಡೆಯವರ ನಡುವೆ ಬಡತನ ಒಂದೇ ಇದ್ದಾಗ, ಬಹಿಷ್ಕಾರದ ತೀರ್ಮಾನ ಊರಿನೋರು ಮಾಡ್ತಾರೆ, ಪಾಲಿಸದ ಕಾಡಿನ ಜನ ಹೊಡೆತಕ್ಕೆ ಸಿಗ್ತಾರೆ. ನಮ್ಮ ಕೇರಿಗಳಿಗೆ ಇದು ಹೊಸದಲ್ಲ. "ಊರೆಲ್ಲ ಒಂದೇ ಕಡೆ" ಅನ್ನೋ ತೀರ್ಮಾನ ಆದಾಗೆಲ್ಲ ನಮ್ಮನ್ನ ಯಾರೂ ಕೇಳಿರಲ್ಲ.

ನನ್ನ ಮುಖ್ಯ ಮಾತೂ ಇದೇ: ಗುಟ್ಟು. ನಮ್ಮಂಥ ಜನಕ್ಕೆ ಓಟು ಎಷ್ಟು ಮುಖ್ಯವೋ ಓಟಿನ ಗುಟ್ಟು ಅಷ್ಟೇ ಮುಖ್ಯ. ಗೌಡರ ಹೊಲದಲ್ಲಿ ದುಡಿಯೋನು ಗೌಡರು ಹೇಳಿದ ಗುರುತಿಗೆ ಹಾಕದೇ ಇದ್ರೂ ಬದುಕಬಹುದು, ಯಾಕಂದ್ರೆ ಗೌಡರಿಗೆ ಗೊತ್ತಾಗಲ್ಲ. ಈ ಧೈರ್ಯದ ಮೇಲೆ ತಾನೇ ನಾವು ಎಪ್ಪತ್ತು ವರ್ಷ ನಡೆದು ಬಂದಿದ್ದು? ಬ್ಯಾಲೆಟ್ ಚೀಟಿ ಇದ್ದಾಗ ಬೇರೆಬೇರೆ ಬೂತಿನ ಚೀಟಿ ಬೆರೆಸಿ ಎಣಿಸೋಕೆ ನಿಯಮದಲ್ಲೇ ಅವಕಾಶ ಇತ್ತು. ಯಂತ್ರ ಬಂದ ಮೇಲೆ ಒಂದೊಂದು ಬೂತಿಂದೂ ಬೇರೆ ಬೇರೆ ಎಣಿಕೆ. ಫಾರಂ 20 ಅಂತ ಒಂದು ಇದೆ, ಬೂತುವಾರು ಯಾರಿಗೆಷ್ಟು ಅಂತ ಅದರಲ್ಲಿ ಬರುತ್ತೆ. ಬೂತು ಅಂದ್ರೆ ನಮ್ಮಲ್ಲಿ ಏನು? ಎರಡು ಬೀದಿ, ಒಂದು ಕಾಲೋನಿ. ಫಲಿತಾಂಶ ಬಂದ ವಾರಕ್ಕೆ "ನಿಮ್ಮ ಬೀದಿ ನಮಗೆ ಕೈ ಕೊಡ್ತು" ಅಂತ ಬಂದು ಕೇಳ್ತಾರೆ. ನೀರಿನ ಟ್ಯಾಂಕ್ ರಿಪೇರಿ ಮುಂದಕ್ಕೆ ಹೋಗುತ್ತೆ, ಮನೆ ಪಟ್ಟಿಯಲ್ಲಿ ಹೆಸರು ಕೆಳಕ್ಕೆ ಹೋಗುತ್ತೆ. ಆಣೆ ಮಾಡಿಸೋರಿಗೆ ಧೈರ್ಯ ಬಂದಿರೋದೂ ಇದರಿಂದಲೇ. ಒಬ್ಬೊಬ್ಬರ ಓಟು ಗೊತ್ತಾಗದಿದ್ರೂ ಬೀದಿ ಓಟು ಗೊತ್ತಾಗುತ್ತೆ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. 2019ರಲ್ಲಿ ಸುಲ್ತಾನ್‌ಪುರದ ಪ್ರಚಾರದಲ್ಲಿ ಮೇನಕಾ ಗಾಂಧಿಯವರು ಓಟು ಎಷ್ಟು ಬಂತು ಅಂತ ನೋಡಿ ಹಳ್ಳಿಗಳನ್ನ ಎ, ಬಿ, ಸಿ, ಡಿ ಅಂತ ವಿಂಗಡಿಸಿ ಕೆಲಸ ಮಾಡಿಕೊಡೋದಾಗಿ ಬಹಿರಂಗವಾಗಿ ಹೇಳಿದ್ರು. ಚುನಾವಣಾ ಆಯೋಗ ಎಚ್ಚರಿಕೆ ಕೊಟ್ಟಿತು. ಅವರು ಬಾಯಿಬಿಟ್ಟು ಹೇಳಿದ್ರು, ಉಳಿದೋರು ಹೇಳದೇ ಮಾಡ್ತಾರೆ. ಇದಕ್ಕೆ ಪರಿಹಾರ ಇಲ್ಲದೇ ಇಲ್ಲ. ಟೋಟಲೈಸರ್ ಅಂತ ಒಂದು ಯಂತ್ರ. ಹಲವು ಬೂತಿನ ಮತಯಂತ್ರಗಳನ್ನ ಒಟ್ಟಿಗೆ ಜೋಡಿಸಿ ಒಟ್ಟು ಲೆಕ್ಕ ಮಾತ್ರ ಹೇಳುತ್ತೆ. 2008ರಲ್ಲೇ ಚುನಾವಣಾ ಆಯೋಗ ಇದನ್ನ ಕೇಳಿತ್ತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ನಮ್ಮ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಇದು ಯಾಕಿಲ್ಲ? ಬೂತುವಾರು ಲೆಕ್ಕ ಇದ್ರೆ ಮೋಸ ಹಿಡಿಯೋಕೆ ಅನುಕೂಲ ಅನ್ನೋ ವಾದ ಇದೆ, ಅದರಲ್ಲೂ ಸತ್ಯ ಇದೆ. ಅದಕ್ಕೇ ಚರ್ಚೆ ಆಗಬೇಕು. ಆದ್ರೆ ಆ ಚರ್ಚೆಯಲ್ಲಿ ಕೇರಿಯೋರು ಕೂತಿರಬೇಕು.

*

ಕೊನೇದಾಗಿ ಕೆಲಸಕ್ಕೆ ಬರೋ ನಾಲ್ಕು ಮಾತು. ನಿಮ್ಮ ಬೀದಿಯಲ್ಲಿ ಓದಿ ಹೇಳಿ.

ಪಟ್ಟಿ ಈಗಲೇ ನೋಡಿ, ಮತದಾನದ ದಿನ ನೋಡಬೇಡಿ. ಹೆಸರಿಲ್ಲದಿದ್ರೆ ಫಾರಂ 6, ತಿದ್ದುಪಡಿಗೆ, ವಿಳಾಸ ಬದಲಾವಣೆಗೆ ಫಾರಂ 8. ನಿಮ್ಮ ಹೆಸರು ತೆಗೀರಿ ಅಂತ ಯಾರಾದ್ರೂ ಫಾರಂ 7 ಹಾಕಿದ್ದಾರಾ ಅಂತ ಬಿಎಲ್‌ಓ ಹತ್ತಿರ ಕೇಳಿ. ಕೂಲಿಗೆ ಹೊರಗೆ ಹೋಗೋರ ಪರವಾಗಿ ಬೀದಿಯ ಓದಿದ ಹುಡುಗರು ಈ ಕೆಲಸ ವಹಿಸ್ಕೊಳ್ಳಿ.

ವೋಟರ್ ಕಾರ್ಡ್ ಕಳೆದಿದ್ರೆ ವಾಪಸ್ ಬರಬೇಡಿ. ಪಟ್ಟಿಯಲ್ಲಿ ಹೆಸರಿದ್ರೆ ಆಧಾರ್, ಉದ್ಯೋಗಖಾತ್ರಿ ಜಾಬ್ ಕಾರ್ಡ್, ಫೋಟೋ ಇರೋ ಬ್ಯಾಂಕ್ ಪಾಸ್‌ಬುಕ್ ಕೂಡ ನಡೆಯುತ್ತೆ. ಬರೀ ಚೀಟಿ ತಗೊಂಡು ಹೋದ್ರೆ ನಡೆಯಲ್ಲ.

ನಿಮ್ಮ ಓಟನ್ನ ಬೇರೆ ಯಾರೋ ಹಾಕಿಬಿಟ್ಟಿದ್ರೆ ಸುಮ್ಮನೆ ಬರಬೇಡಿ. ಟೆಂಡರ್ ಓಟು ಕೇಳಿ. ಕಾಗದದ ಮತಪತ್ರ ಕೊಡಲೇಬೇಕು, ಅದು ದಾಖಲೆ ಆಗುತ್ತೆ. ಒಂದು ಓಟಲ್ಲಿ ಸೋತು ಗೆದ್ದ ಜಿಲ್ಲೆ ನಮ್ಮದು. ಆ ಒಂದು ಕಾಗದ ನಾಳೆ ಕೋರ್ಟಲ್ಲಿ ಮಾತಾಡಬಹುದು.

ಆಣೆ ವಿಷಯ. ಅಜ್ಜಿಯರಿಗೆ ನಾವೇ ಕೂತು ಹೇಳಬೇಕು: ಲಂಚ ಕೊಟ್ಟು ಮಾಡಿಸಿದ ಆಣೆಗೆ ಮಾದಪ್ಪ ಸಾಕ್ಷಿ ಅಲ್ಲ. ಮಾದಪ್ಪ ಶ್ರವಣದೊರೆಯ ದರ್ಪ ಮುರಿದೋನು. ದರ್ಪದ ಕಡೆ ನಿಲ್ಲೋನಲ್ಲ.

ನಮ್ಮ ಬೆರಳಿಗೆ ಹಚ್ಚೋ ಆ ಶಾಯಿ ಎಲ್ಲಿ ತಯಾರಾಗುತ್ತೆ ಗೊತ್ತಾ? ಮೈಸೂರಿನಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯಲ್ಲಿ. 1962ರಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತೆ. ಅದೇ ವರ್ಷವೇ ನಮ್ಮ ಲೋಕಸಭಾ ಕ್ಷೇತ್ರವೂ ಹುಟ್ಟಿದ್ದು. ಅರವತ್ತು ವರ್ಷ ದಾಟಿತು. ಶಾಯಿ ನಮ್ಮದು, ಬೆರಳು ನಮ್ಮದು, ಮೀಸಲು ಕ್ಷೇತ್ರವೂ ನಮ್ಮದೇ ಅಂತಾರೆ. ಈ ಸಲ ಓಟು ಕೇಳೋಕೆ ಯಾವ ಪಕ್ಷದೋರೇ ಬರಲಿ, ನಮ್ಮ ಬೀದಿಗೆ ಕತ್ತಲಾದ ಮೇಲೆ ಬರಬೇಡಿ ಅನ್ನಿ. ಬೆಳಕಲ್ಲಿ ಬನ್ನಿ, ಕವರು ಬಿಟ್ಟು ಬನ್ನಿ, ಕೂತು ಪ್ರಶ್ನೆ ಕೇಳಿಸ್ಕೊಳ್ಳಿ ಅನ್ನಿ. ಹೋದ ಸಲದ ಟ್ಯಾಂಕಿನ ಲೆಕ್ಕದಿಂದಲೇ ಶುರು ಮಾಡಿ.

ನಿಮ್ಮ ಊರಿನಲ್ಲಿ ಪಟ್ಟಿಯಿಂದ ಹೆಸರು ಹೋಗಿದ್ರೆ, ಬೂತುವಾರು ಲೆಕ್ಕ ಹಿಡಿದು ಯಾರಾದ್ರೂ ಹೆದರಿಸಿದ್ರೆ ಕಾಮೆಂಟಲ್ಲಿ ಬರೀರಿ. ಹೆಸರು ಬೇಡ, ಊರು ಸಾಕು. ಒಟ್ಟು ಮಾಡಿ ಜಿಲ್ಲಾ ಚುನಾವಣಾಧಿಕಾರಿಗೆ ಕೊಡೋಣ.

ಜೈ ಭೀಮ್. ಜೈ ಸಂವಿಧಾನ.